ಹಸಿರಿಗೆ ತಿರುಗಿದ ಬಿಸ್ಕತ್ತು

ಬೇಕರಿಗೆ ಬೋರ್ಡು ಬರೆಯಲು ಬಂದಿದ್ದ ಬಣ್ಣದವನು "ಇದರಲ್ಲಿ ಕಡಲೆಬೀಜ ಇದೆಯಾ?" ಎಂದು ಕೇಳಿದ. ಬೇಕರಿಯ ಯಜಮಾನಿ ಇಲ್ಲ ಎಂದಳು. ಇತ್ತು.

ಓಟ್ಸ್ ಬಿಸ್ಕತ್ತು ಅದು. ಅರ್ಧ ಕಚ್ಚುವಷ್ಟರಲ್ಲಿ ಅವನ ತುಟಿ ಊದಿತು, ಗಂಟಲು ಕಟ್ಟಿತು. ಜೇಬಿನಲ್ಲಿ ಸದಾ ಇಟ್ಟುಕೊಂಡಿರುತ್ತಿದ್ದ ಅಲರ್ಜಿಯ ಇಂಜೆಕ್ಷನ್ ಪೆನ್ನನ್ನು ತೊಡೆಗೆ ಚುಚ್ಚಿಕೊಂಡು ಏಣಿಯ ಬುಡದಲ್ಲಿ ಕುಸಿದ. ಆಂಬ್ಯುಲೆನ್ಸ್ ಬಂದು ಒಯ್ದಿತು. ಬದುಕಿದ. ಬಾಗಿಲ ಮೇಲೆ ಅವನು ಬರೆಯುತ್ತಿದ್ದ ಬೋರ್ಡು 'ಬೇಕ' ಎಂಬಲ್ಲಿಗೆ ನಿಂತಿತು. ಕೇಳಿದವರಿಗೆಲ್ಲ ಯಜಮಾನಿ, ಬಣ್ಣದ ಘಾಟಿಗೆ ತಲೆ ಸುತ್ತಿ ಬಿದ್ದ ಎಂದಳು.

ಒಳಗೆ ಹಿಟ್ಟು ಕಲಸುತ್ತಿದ್ದವಳಿಗೆ ನಿಜ ಗೊತ್ತಿತ್ತು. ಆ ಹಿಟ್ಟಿಗೆ ಪೀನಟ್ ಬಟರ್ ಹಾಕಿದ್ದು ಅವಳದೇ ಕೈ. ಯಜಮಾನಿ ಅವಳ ದೊಡ್ಡಮ್ಮ. ತಾಯಿ ಹೋದ ಮೇಲೆ ಸಾಕಿದವಳು, ಕೆಲಸ ಕಲಿಸಿದವಳು, ಇವಳ ಮಾತು ಖಾರ ಎಂದು 'ಮೆಣಸು' ಎಂದು ಅಡ್ಡಹೆಸರಿಟ್ಟವಳು ಕೂಡ. ಅವತ್ತು ಗೋಡೆಯ ಕಿಂಡಿಗೆ ಕಿವಿಯಿಟ್ಟು ಆ ಪ್ರಶ್ನೆ ಕೇಳಿಸಿಕೊಂಡ ಮೆಣಸು "ಇದೆ, ಕೊಡಬೇಡ!" ಎಂದು ಕಿರುಚಿದ್ದಳು. ಹಿಟ್ಟು ಕಲಸುವ ಮಿಕ್ಸರಿನ ಆರ್ಭಟ ಆ ಕೂಗನ್ನು ನುಂಗಿ ನೀರು ಕುಡಿಯಿತು. ಓಡಿ ಬಂದು ಎತ್ತಲು ಕೈ ಚಾಚಿದರೆ, ಬಿದ್ದಿದ್ದವನು ಊದುತ್ತಿದ್ದ ಕಣ್ಣಿನಲ್ಲೇ ಅವಳನ್ನು ನೋಡಿ, ಅಂಗೈ ಅಡ್ಡ ಹಿಡಿದು, ಹತ್ತಿರ ಬರಬೇಡ ಎಂದ.

ಆ ಅಂಗೈ ಅವಳ ಎದೆಯ ಮೇಲೆ ಮುದ್ರೆ ಒತ್ತಿದ ಹಾಗೆ ಉಳಿದುಬಿಟ್ಟಿತು.

ಅದಕ್ಕೂ ಮೊದಲು ಅವಳಿಗೆ ಅವನು ಗೊತ್ತಿದ್ದದ್ದು ಬರೀ ಪಾದಗಳಾಗಿ. ಓವನ್ ಕೋಣೆಯ ಗಾಳಿಕಿಂಡಿಯಲ್ಲಿ ಏಣಿಯ ಒಂದು ಮೆಟ್ಟಿಲು ಮಾತ್ರ ಕಾಣುತ್ತಿತ್ತು. ಆ ಮೆಟ್ಟಿಲ ಮೇಲೆ ಎರಡು ಪಾದ, ಹಿಮ್ಮಡಿಗೆ ಅಂಟಿದ ಹಳದಿ ಚುಕ್ಕೆಗಳು, ಅಕ್ಷರ ಸುಳಿ ತಿರುಗುವಾಗ ತಾನೇ ಮೇಲೇಳುವ ಹೆಬ್ಬೆರಳು. ಹೆಬ್ಬೆರಳು ಎದ್ದಾಗೆಲ್ಲ ಅವಳ ಕೈಯಲ್ಲಿದ್ದ ಹಿಟ್ಟು ಒಂದು ಗಳಿಗೆ ನಿಲ್ಲುತ್ತಿತ್ತು. ಪಾದ ನೋಡಿ ಮನಸ್ಸು ಕೊಡುವವರಿದ್ದಾರೆಯೇ ಎಂದು ನಗಬೇಡಿ. ದಿನವಿಡೀ ಬೆಂಕಿಯ ಮುಂದೆ ನಿಲ್ಲುವವರಿಗೆ ಲೋಕ ಕಾಣುವುದೇ ಕಿಂಡಿಯಷ್ಟು.

ಮರುವಾರ ಅವಳು ಟ್ರೇ ಎಳೆಯುತ್ತಿದ್ದಾಗ ಕಿಂಡಿಯಲ್ಲಿ ಮತ್ತೆ ಅದೇ ಪಾದಗಳು ಕಂಡವು. ಟ್ರೇಯನ್ನು ಅಲ್ಲೇ ಬಿಟ್ಟು ಬೀದಿಗೆ ಓಡಿದಳು.

"ರೀ!"

ಅವನು ಕೆಳಗೆ ನೋಡಿದ. ನೋಡಿದವನೇ ಇನ್ನೆರಡು ಮೆಟ್ಟಿಲು ಮೇಲಕ್ಕೆ ಹತ್ತಿದ.

"ನಾನೇನು ಕಚ್ಚಲ್ಲ ಕಣ್ರೀ."

"ನೀವು ಕಚ್ಚಲ್ಲ, ಸರಿ. ನಿಮ್ಮ ಕೈ ಕಚ್ಚುತ್ತೆ."

ಅವಳು ಕೈ ನೋಡಿಕೊಂಡಳು. ಮೊಣಕೈವರೆಗೆ ಕಂದು ಹಿಟ್ಟು, ಹುರಿದ ಕಡಲೆಬೀಜದ ಘಮ. ತಲೆಯೊಳಗೆ ದೀಪ ಹತ್ತಿತು. "ಅವತ್ತು ಕೈ ಅಡ್ಡ ಹಿಡಿದಿದ್ದು... ಇದಕ್ಕೇನಾ?"

"ಮತ್ತಿನ್ಯಾಕೆ? ಅಷ್ಟು ಚೆಂದದವರು ಎತ್ತೋಕೆ ಬಂದ್ರೆ ಬೇಡ ಅನ್ನೋಕೆ ನನಗೇನು ಹುಚ್ಚಾ?"

"ಕಣ್ಣು ಊದಿತ್ತು. ಚೆಂದ ಹೇಗೆ ಕಾಣಿಸ್ತು?"

"ಒಂದು ಊದಿತ್ತು. ಇನ್ನೊಂದು ನೆಟ್ಟಗೇ ಇತ್ತು."

ಮೆಣಸಿನ ಕೆನ್ನೆ ಬಿಸಿಯಾಯಿತು, ಓವನ್ ಹತ್ತಿರವಿಲ್ಲದಿದ್ದರೂ ಓವನ್ನಿನ ಮೇಲೆ ಹೊರಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು ನಿಂತಳು, ಅವನಿಗೆ ಭಯವಾಗದಷ್ಟು ದೂರ, ತನಗೆ ಕಾಣುವಷ್ಟು ಹತ್ತಿರ.

"ಬೋರ್ಡು ಮುಗಿಸೋಕೆ ಬಂದ್ರಾ?"

"ಇಲ್ಲ. ಕೂತ್ಕೊಳ್ಳೋಕೆ ಬಂದೆ." ಅವನು ಏಣಿಯ ತುದಿಯಲ್ಲಿ ಕೈ ಕಟ್ಟಿ ಕುಳಿತ. "ನಾನು ಘಾಟಿಗೆ ಬಿದ್ದೆ ಅಂತ ನಿಮ್ಮ ಯಜಮಾನಮ್ಮ ಊರಿಗೆಲ್ಲ ಹೇಳಿದಾರಂತೆ. ತಲೆ ಸುತ್ತೋನಿಗೆ ಎತ್ತರದ ಕೆಲಸ ಯಾರು ಕೊಡ್ತಾರೆ? ಔಷಧಿ ಅಂಗಡಿ ಬೋರ್ಡು ಹೋಯ್ತು, ದರ್ಜಿ ಅಂಗಡಿ ಬೋರ್ಡು ಹೋಯ್ತು. ಆಡಿದ ಮಾತು ವಾಪಸ್ ತಗೊಳ್ಳಲಿ, ಉಳಿದ ಅಕ್ಷರ ಬರೀತೀನಿ. ಅಲ್ಲೀವರೆಗೆ ದಿನಾ ಬೆಳಿಗ್ಗೆ ಬರ್ತೀನಿ, ಕೂತಿರ್ತೀನಿ."

"ಧರಣಿ?"

"ಏಣಿ ಧರಣಿ."

ಒಳಗಿನಿಂದ ದೊಡ್ಡಮ್ಮನ ದನಿ ಬಂತು. "ಕೂತಿರ್ಲಿ ಬಿಡು, ನೊಣ ಹೊಡೀಲಿ! ಒಂದು ಚಮಚ ಕಡಲೆಬೀಜಕ್ಕೆ ಸಾಯೋರನ್ನ ನಾನೆಲ್ಲೂ ಕಂಡಿಲ್ಲ. ಎಲ್ಲ ಮನಸ್ಸಿನ ರೋಗ."

ಸುಳ್ಳು ಹೇಳಿದವಳು ಗಲ್ಲಾದ ಹಿಂದೆ ಮೆತ್ತನೆಯ ಕುರ್ಚಿಯಲ್ಲಿ ಕೂತಿದ್ದಳು. ಸುಳ್ಳನ್ನು ತಿಂದವನು ಕೆಲಸ ಕಳೆದುಕೊಂಡು ಏಣಿಯ ಮೇಲೆ. ಲೋಕ ಇರುವುದೇ ಹೀಗೆ ಎನ್ನುತ್ತಾರೆ. ಹಾಗೆನ್ನುವವರು ಸಾಮಾನ್ಯವಾಗಿ ಕುರ್ಚಿಯಲ್ಲಿರುತ್ತಾರೆ.

ಅವನು ದಿನಾ ಬಂದ. ಬೀದಿ ಮೊದಲು ನಕ್ಕಿತು, ಆಮೇಲೆ ರೂಢಿ ಮಾಡಿಕೊಂಡಿತು. ಮೆಣಸಿಗೆ ಮಾತ್ರ ರೂಢಿಯಾಗಲಿಲ್ಲ. ಹಿಟ್ಟು ಹುದುಗು ಬರುವ ಬಿಡುವಿನಲ್ಲಿ ಬಾಗಿಲಿಗೆ ಬಂದು, ತಲೆ ಎತ್ತಿ ನಿಲ್ಲುತ್ತಿದ್ದಳು. ಕತ್ತು ನೋಯುವವರೆಗೆ ಮಾತು, ಮಾತು ಮುಗಿದರೆ ನೋಟ.

"ನಿಮ್ಮ ಬೋರ್ಡು ಹೋಗಿ ಬರೋರನ್ನೆಲ್ಲ ಬೇಕಾ, ಬೇಕಾ ಅಂತ ಕೇಳ್ತಿದೆ ನೋಡಿ," ಎಂದಳು ಒಂದು ದಿನ.

"ಯಾರೂ ಬೇಕು ಅಂತಿಲ್ವಲ್ಲ." ಅವನು ಹುಬ್ಬು ಹಾರಿಸಿದ. ಆಮೇಲೆ ಏಣಿಯ ಮೇಲಿಂದಲೇ ಬಾಗಿ, ಮಗುವಿನ ಹಾಗೆ ಕೇಳಿದ. "ಒಂದು ಹೇಳಿ. ಆ ಪೀನಟ್ ಬಟರ್ ಬಿಸ್ಕತ್ತು ತಿನ್ನೋವಾಗ ಜನ ಕಣ್ಣು ಮುಚ್ಕೋತಾರಲ್ಲ, ಯಾಕೆ? ಹೇಗಿರುತ್ತೆ ಅದು?"

ಅವಳು ಯೋಚಿಸಿದಳು. ಇಷ್ಟು ವರ್ಷ ಮಾಡಿದ್ದಳು, ಯಾರಿಗೂ ವರ್ಣಿಸಿರಲಿಲ್ಲ. "ಮೊದಲು ಪುಡಿಪುಡಿ. ಆಮೇಲೆ ನಾಲಿಗೆಗೆ ಅಂಟ್ಕೊಳ್ಳುತ್ತೆ, ಬಿಡಲ್ಲ ಅನ್ನುತ್ತೆ. ಉಪ್ಪು ಬರುತ್ತೆ, ಅದರ ಹಿಂದೆ ಸಿಹಿ. ಎಲ್ಲ ಕರಗಿ ಹೋದ್ಮೇಲೆ ಹುರಿದ ಘಮ ಮಾತ್ರ ಮೂಗಿನ ಹಿಂದೆ ಉಳ್ಕೊಳ್ಳುತ್ತೆ. ಯಾರೋ ಈಗ ತಾನೇ ಎದ್ದು ಹೋದ ಕೋಣೆ ಥರ."

ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ಕಿವಿಗೆ ಕೇಳಿಸಿಕೊಂಡನೋ, ಕಣ್ಣಿಗೆ ಕೇಳಿಸಿಕೊಂಡನೋ.

"ನಂಗೆ ಆ ರುಚಿ ಈ ಜನ್ಮಕ್ಕಿಲ್ಲ ಬಿಡಿ."

"ಯಾರು ಹೇಳಿದ್ದು?" ಮೆಣಸಿನ ಮೂಗಿನ ತುದಿಗೆ ಸಿಟ್ಟು ಬಂತು. "ನಿಮಗೆ ಆ ರುಚಿ ನಾನು ತೋರಿಸ್ತೀನಿ. ಅದನ್ನ ಹಾಕದೇನೇ."

ಹೇಳುವುದು ಸುಲಭ. ಬೇಕರಿಯ ಮಿಕ್ಸರು, ಟ್ರೇ, ಸೌಟು, ಗೋಡೆಯ ಸುಣ್ಣ ಎಲ್ಲಕ್ಕೂ ಕಡಲೆಬೀಜದ ಎಣ್ಣೆ ಹತ್ತಿತ್ತು. ಅಲ್ಲಿ ಅವನಿಗಾಗಿ ಒಂದು ಲೋಟ ನೀರು ಕಾಯಿಸುವುದೂ ಅಪಾಯ. ಇಡೀ ಬೀದಿಯಲ್ಲಿ ಅಂಥ ಎಣ್ಣೆ ಸೋಕದ ಅಡುಗೆಮನೆ ಒಂದೇ ಒಂದು: ಬಣ್ಣದವನದೇ ಮನೆಯದು. ಅದರ ಬಾಗಿಲಲ್ಲಿ ಅವನ ಅಜ್ಜಿ ಇದ್ದಳು.

"ಕೈ ತೋರಿಸು," ಎಂದಳು ಅಜ್ಜಿ.

ತೋರಿಸಿದಳು.

"ಸೋಪು ಹಾಕಿ ತೊಳಿ. ಮೊಣಕೈವರೆಗೆ. ಉಗುರು ಕತ್ತರಿಸು. ಚಪ್ಪಲಿ ಹೊರಗೆ. ಆ ಬಟ್ಟೆ ಬಿಚ್ಚಿ ಹಿತ್ತಲಲ್ಲಿ ನೇತುಹಾಕು, ನನ್ನ ನಿಲುವಂಗಿ ಹಾಕ್ಕೋ. ತಲೆಗೆ ವಸ್ತ್ರ ಕಟ್ಟು."

"ಅಜ್ಜಿ, ಬಿಸ್ಕತ್ತು ಮಾಡೋಕೆ ಬಂದಿದೀನಿ, ಆಪರೇಷನ್ ಮಾಡೋಕಲ್ಲ."

"ಇವನು ಚಿಕ್ಕೋನಿದ್ದಾಗ ಪಕ್ಕದ್ಮನೆಯೋರು ಮುದ್ದು ಮಾಡಿ ಕೆನ್ನೆಗೆ ಮುತ್ತು ಕೊಟ್ರು. ಅವರು ಆಗಷ್ಟೇ ಕಡಲೆಬೀಜ ತಿಂದಿದ್ರು. ಮೂರು ದಿನ ಆಸ್ಪತ್ರೆ ಬಾಗಿಲಲ್ಲಿ ಕೂತಿದ್ದೆ." ಅಜ್ಜಿ ಸೋಪು ಚಾಚಿದಳು. "ಅದಕ್ಕೇ ನಮ್ಮನೇಲಿ ಪ್ರೀತಿಗಿಂತ ಮೊದಲು ಸೋಪು."

ಮೆಣಸು ಬಾಯಿ ಮುಚ್ಚಿಕೊಂಡು ತೊಳೆದಳು. ಅಜ್ಜಿಯ ನಿಲುವಂಗಿ ಅವಳಿಗೆ ಗುಡಾರದ ಹಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬಣ್ಣದವನು ನಗು ತಡೆಯಲು ಗೋಡೆ ಕಡೆ ತಿರುಗಿದ. ಆದರೂ ಅವನ ಭುಜಗಳು ಕುಲುಕುತ್ತಿದ್ದವು.

ಮೊದಲು ಎಳ್ಳು ಅರೆದಳು. ಪೀನಟ್ ಬಟರ್ ಹಾಕುವಷ್ಟೇ ಎಳ್ಳಿನ ಬೆಣ್ಣೆ ಹಾಕಿ ಸುಟ್ಟಳು. ಅವನು ಒಂದನ್ನು ಬಾಯಿಗಿಟ್ಟು, ಅಗಿದು, ನುಂಗಿ, ಮುಖದ ಒಂದು ಗೆರೆಯೂ ಅಲುಗದಂತೆ "ಚೆನ್ನಾಗಿದೆ" ಎಂದ.

ಅವಳೂ ಕಚ್ಚಿ ನೋಡಿದಳು. ಕಹಿ ನೆತ್ತಿಗೇರಿತು.

"ಸುಳ್ಳು ಹೇಳ್ಬೇಡಿ." ಅವಳ ದನಿ ಗಡುಸಾಯಿತು. "ಈ ಬೀದಿಗೆ ಒಂದು ಸುಳ್ಳು ಸಾಕು. ಬಿಸ್ಕತ್ತಿನ ವಿಷಯದಲ್ಲಿ ನಂಗೆ ಮರ್ಯಾದೆ ಬೇಡ, ನಿಜ ಬೇಕು."

ಅವನು ತಬ್ಬಿಬ್ಬಾದ. ಬಳಿಕ ನಿಧಾನವಾಗಿ, "ಕಹಿ," ಎಂದ. "ಬಾಗಿಲಿಗೆ ಹೊಡೆಯೋ ವಾರ್ನಿಷ್ ಥರ."

"ಹಾಗೆ ಬನ್ನಿ ದಾರಿಗೆ."

"ವಾರ್ನಿಷ್ ನೆಕ್ಕಿ ನೋಡಿದ್ದೀನಿ, ಅದೇ ಸ್ವಲ್ಪ ವಾಸಿ."

"ಸಾಕು, ಅಷ್ಟೊಂದು ನಿಜ ಬೇಡ!"

ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಸೂರ್ಯಕಾಂತಿ ಬೀಜದ ಮಾತು ತೆಗೆದದ್ದು ಅವಳೇ. "ಇವನು ಅದನ್ನ ಅಳಿಲಿನ ಥರ ತಿಂದು ಬೆಳೆದೋನು. ಏನೂ ಆಗಿಲ್ಲ. ಸಿಪ್ಪೆ ಇರೋ ಬೀಜಾನೇ ತಗೊಂಡು ಬಾ, ನಾನೇ ಸುಲಿದು ಕೊಡ್ತೀನಿ. ಸುಲಿದಿಟ್ಟಿದ್ದಕ್ಕೆ ಅಂಗಡಿಯೋರು ಏನೇನು ಸೇರಿಸಿರ್ತಾರೋ."

ಆ ಮಧ್ಯಾಹ್ನ ಅಜ್ಜಿ ಕಿಟಕಿಯ ಬೆಳಕಿನಲ್ಲಿ ಕೂತು ಬೀಜ ಸುಲಿದಳು. ಮೆಣಸು ಅವನ್ನು ಹದವಾಗಿ ಹುರಿದು ಮಿಕ್ಸಿಯ ಹೊಸ ಜಾರಿಗೆ ಹಾಕಿ ತಿರುಗಿಸಿದಳು. ಬೀಜ ಪುಡಿಯಾಯಿತು. ಪುಡಿ ಉಂಡೆಯಾಗಿ ಜಾರಿನ ಗೋಡೆಗೆ ಅಂಟಿ ಕೂತಿತು. ನಿಲ್ಲಿಸಿದಳು, ಕೆರೆದಳು, ಮತ್ತೆ ತಿರುಗಿಸಿದಳು. ಮತ್ತೆ ಅಂಟಿತು.

"ಸ್ವಲ್ಪ ನೀರು ಹಾಕಿದ್ರೆ?" ಎಂದ ಅವನು.

"ನೀರು ಹಾಕಿದ್ರೆ ಗಟ್ಟಿ ಮುದ್ದೆಯಾಗಿ ಕೂರುತ್ತೆ, ಮುಗೀತು. ಎಣ್ಣೆ ಅದರೊಳಗೇ ಇದೆ. ಹೊರಗೆ ಬರೋವರೆಗೂ ಕಾಯ್ಬೇಕು."

"ಬರುತ್ತೆ ಅಂತ ಹೇಗೆ ಗೊತ್ತು?"

ಅವಳು ತಲೆ ಎತ್ತಿ ಅವನನ್ನು ನೋಡಿದಳು. "ಮಾತು ಬಾರದೆ ಮುದುಡಿ ಕೂತಿರೋರನ್ನ ನೋಡಿದ್ರೆ ಗೊತ್ತಾಗಲ್ವಾ, ಒಳಗೆ ಏನಿದೆ ಅಂತ?"

ಅವನ ಕಿವಿ ಕೆಂಪಾಯಿತು. ಜಾರಿನೊಳಗೆ ಅದೇ ಗಳಿಗೆಗೆ ಸದ್ದು ಬದಲಾಯಿತು. ಗರಗರ ಹೋಗಿ ಮೆಲ್ಲನೆಯ ಲಪಲಪ. ಉಂಡೆ ಸಡಿಲಿತು, ಹೊಳೆಯಿತು, ಸುಳಿ ಸುಳಿಯಾಗಿ ಹರಿಯಿತು. "ಬಂತು! ಬಂತು!" ಎಂದು ಅವಳು ಕುಣಿದಳು. ಗುಡಾರದಂಥ ನಿಲುವಂಗಿಯೂ ಕುಣಿಯಿತು. ಅವನಿಗೆ ತಡೆಯಲಾಗಲಿಲ್ಲ, ಅವಳ ಮಣಿಕಟ್ಟು ಹಿಡಿದ.

ಇಬ್ಬರೂ ನಿಂತರು. ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು.

"ಉಗುರು... ನೋಡ್ತಿದ್ದೆ," ಎಂದ. "ಸಂದೀಲಿ ಏನಾದ್ರೂ ಉಳ್ಕೊಂಡಿದೆಯಾ ಅಂತ."

"ಉಳ್ಕೊಂಡಿದೆಯಾ?"

"ಇನ್ನೂ ನೋಡ್ತಾ ಇದೀನಿ."

"ನೋಡಿ, ನೋಡಿ," ಎಂದಳು ಅಜ್ಜಿ ಬೀಜದ ಸಿಪ್ಪೆ ಊದುತ್ತ. "ನಂಗೂ ಕಣ್ಣು ಮಂಜು, ಏನೂ ಕಾಣಲ್ಲ."

ಹಿಟ್ಟಿನ ಉಳಿದ ಅಳತೆಯನ್ನೆಲ್ಲ ಅವಳು ಕೈ ಬಲ್ಲ ಹಾಗೆಯೇ ಇಟ್ಟಳು: ಅಷ್ಟೇ ಸಕ್ಕರೆ, ಅಷ್ಟೇ ಬೆಣ್ಣೆ, ಬೇಕರಿಯಲ್ಲಿ ಹಾಕುವಷ್ಟೇ ಸೋಡಾ. ಬಿಸ್ಕತ್ತುಗಳು ಹೊಂಬಣ್ಣಕ್ಕೆ ತಿರುಗಿ ಅಂಚು ಬಿರಿದು ಹೊರಬಂದವು. ಅವನು ಬಿಸಿ ಬಿಸಿಯಾಗಿಯೇ ಒಂದನ್ನು ಮುರಿದು ಬಾಯಿಗೆ ಹಾಕಿದ. ಅಗಿದ. ನಿಂತ. ಅವಳು ಉಸಿರು ಬಿಗಿ ಹಿಡಿದಿದ್ದಳು.

ಅವನ ಕಣ್ಣುಗಳು ತಾವಾಗಿ ಮುಚ್ಚಿಕೊಂಡವು.

"ನಿಜ ಹೇಳ್ಲಾ?" ಎಂದ, ಕಣ್ಣು ತೆರೆಯದೆ. "ನೀವು ಹೇಳಿದ ಕೋಣೆಯೊಳಗೆ ಇದೀನಿ. ಆದ್ರೆ ಯಾರೂ ಎದ್ದು ಹೋಗಿಲ್ಲ."

ಮರುದಿನ ಬೇಕರಿಗೆ ವಾರದ ರಜೆ. ಮೆಣಸು ಬೆಳಿಗ್ಗೆಯೇ ಅಜ್ಜಿಯ ಮನೆಗೆ ಹೋದಳು. ಸೋಪು, ನಿಲುವಂಗಿ, ತಲೆವಸ್ತ್ರ, ಎಲ್ಲ ಶಾಸ್ತ್ರ ಮುಗಿಸಿ ಡಬ್ಬಿ ತೆರೆದು, ಒಂದು ಬಿಸ್ಕತ್ತು ಮುರಿದಳು.

ಒಳಗೆ ಹಸಿರು.

ತಿಳಿ ಹಸಿರಲ್ಲ. ಕೊಳದ ಪಾಚಿಯಂಥ, ಹಳೆಯ ತಾಮ್ರದ ಕಿಲುಬಿನಂಥ ಗಾಢ ಹಸಿರು. ಇನ್ನೊಂದು ಮುರಿದಳು, ಹಸಿರು. ಮತ್ತೊಂದು, ಹಸಿರು.

"ಅಜ್ಜಿ, ಅವರೆಲ್ಲಿ?"

"ಶಾಲೆ ಕಾಂಪೌಂಡಿಗೆ ಪಟ್ಟಿ ಬಳಿಯೋಕೆ ಹೋದ. ಎತ್ತರದ ಕೆಲಸ ಯಾರೂ ಕೊಡ್ತಿಲ್ವಲ್ಲ. ಬುತ್ತಿಗೆ ಅಂತ ಇದನ್ನೇ ಒಂದು ಹಿಡಿ ಕಟ್ಕೊಂಡ..." ಅಜ್ಜಿಯ ಕಣ್ಣು ತುಂಡುಗಳ ಮೇಲೆ ಬಿತ್ತು. "ಅಯ್ಯೋ, ಇದೇನೇ ಇದು, ವಿಷದ ಬಣ್ಣ?"

ಮೆಣಸು ಉತ್ತರಿಸಲು ನಿಲ್ಲಲಿಲ್ಲ. ನಿಲುವಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಬರಿಗಾಲಿನಲ್ಲಿ ಬೀದಿಗೆ ಬಿದ್ದಳು. ಹಾಲಿನ ವ್ಯಾನು ಬ್ರೇಕು ಹಾಕಿತು, ಸೈಕಲ್ಲಿನವನು ಬೈದ. ಕಲ್ಲು ಚುಚ್ಚಿದ್ದು ತಿಳಿಯಲಿಲ್ಲ. ಒಂದು ಸಲ ಅವಳ ಕೈಯ ಹಿಟ್ಟು ಅವನನ್ನು ಕೆಡವಿತ್ತು. ಎರಡನೇ ಸಲವೂ ಅವಳ ಕೈಯೇ?

ಶಾಲೆಯ ತಿರುವಿನಲ್ಲಿ ಅವನು ಕಂಡ. ಫುಟ್‌ಪಾತಿನ ಮೇಲೆ, ಗೋಡೆಗೆ ಮುಖ ಮಾಡಿ, ಉದ್ದಕ್ಕೆ ಬಿದ್ದಿದ್ದ. ಪಕ್ಕದಲ್ಲಿ ಖಾಲಿ ಬುತ್ತಿ.

"ಏಯ್!" ಅವಳು ಅವನ ಮೇಲೆ ಬಿದ್ದೇಬಿಟ್ಟಳು. ಭುಜ ಹಿಡಿದು ಅಲುಗಾಡಿಸಿದಳು. "ಏಳೋ! ಕಣ್ಣು ಬಿಡೋ! ನಿನ್ನ ಪೆನ್ನೆಲ್ಲಿ? ನಿನ್ನ ದಮ್ಮಯ್ಯ ಕಣೋ, ಏಳು! ನೀನಿಲ್ದೆ ಆ ಹಾಳು ಏಣಿ ನೋಡ್ಕೊಂಡು ನಾನು ಹೇಗೋ ಬದುಕಲಿ?"

ಅವನು ತಿರುಗಿದ. ಕೈಯಲ್ಲಿ ಸಣ್ಣ ಕುಂಚ. ಮೂಗಿನ ಮೇಲೆ ನೀಲಿ ಚುಕ್ಕೆ. ಗೋಡೆಯ ಬುಡದ ಪಟ್ಟಿ ನೇರವಾಗಿ ಬರಲೆಂದು ಮಲಗಿ ಬಳಿಯುತ್ತಿದ್ದ, ಅಷ್ಟೇ.

ಅವಳ ಮುಖದ ತುಂಬ ಕಣ್ಣೀರು, ಬೆವರು.

"'ರೀ' ಎಲ್ಲಿ ಹೋಯ್ತು?" ಎಂದ ಅವನು ಮೆಲ್ಲಗೆ.

"ಏನು?"

"ನಿನ್ನೆವರೆಗೂ 'ರೀ' ಇತ್ತು. ಇವತ್ತು 'ಏಳೋ'."

"ಬಿಸ್ಕತ್ತು ಹಸಿರಾಗಿದೆ!"

"ಗೊತ್ತು. ತಿಂದೆ. ಎಲ್ಲ ತಿಂದೆ."

"ಹಸಿರಾಗಿರೋದನ್ನ ತಿಂದ್ಯಾ? ಬುದ್ಧಿ ಇದೆಯಾ ನಿಂಗೆ?"

"ಬಣ್ಣ ಬೆರೆಸೋನು ಕಣೇ ನಾನು. ಬೂಷ್ಟು ಯಾವುದು, ಬಣ್ಣ ಯಾವುದು ಅಂತ ಗೊತ್ತಾಗಲ್ವಾ? ಬೂಷ್ಟು ಮೇಲೆ ಬೆಳೆಯುತ್ತೆ, ವಾಸನೆ ಬರುತ್ತೆ. ಇದು ಒಳಗಿಂದ ಬಂದಿದೆ, ಸಮನಾಗಿ ಬಂದಿದೆ, ರುಚೀನೂ ಕೆಟ್ಟಿಲ್ಲ. ನಮ್ಮಲ್ಲಿ ಕೆಲವು ಹೂವಿನ ಬಣ್ಣ ಸೋಡಾ ನೀರಿಗೆ ಬಿದ್ರೆ ಹಸಿರಾಗುತ್ತೆ, ಹುಳಿ ಹಿಂಡಿದ್ರೆ ವಾಪಸ್ ಬರುತ್ತೆ. ಸೂರ್ಯಕಾಂತಿ ಬೀಜಾನೂ ಹಾಗೇ ಇರ್ಬೇಕು. ನೀನು ಸೋಡಾ ಹಾಕಿದ್ಯಲ್ಲ?"

ಅವಳು ಪಿಳಿಪಿಳಿ ನೋಡಿದಳು. ಪೀನಟ್ ಬಟರಿಗೆ ಹಾಕುವ ಸೋಡಾವನ್ನೇ ಸೂರ್ಯಕಾಂತಿಗೂ ಹಾಕಿದ್ದಳು. ಬದಲಿಗೆ ಬಂದದ್ದು ಹಳೆಯದರ ಹಾಗೆಯೇ ನಡೆದುಕೊಳ್ಳಬೇಕು ಎಂದು ಹಟ ಹಿಡಿದಿದ್ದಳು. ಅದಕ್ಕೂ ಅದರದೇ ಸ್ವಭಾವ ಇರುವುದಿಲ್ಲವೇ?

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆಗ ನೆನಪಾಯಿತು, ತಾನಿನ್ನೂ ಅವನ ಭುಜ ಹಿಡಿದೇ ಇದ್ದೇನೆಂದು. ಬೆಚ್ಚಿ ಕೈ ತೆಗೆದಳು. ಅವನು ಆ ಕೈಯನ್ನು ಗಾಳಿಯಲ್ಲೇ ಹಿಡಿದ.

"ಕೈ ತೊಳೆದಿದೀನಿ," ಎಂದಳು ಅವಳು, ಬಿಕ್ಕುತ್ತ. ಪ್ರೀತಿಯನ್ನು ಹೇಳಲು ಆ ಗಳಿಗೆಗೆ ಅವಳ ಬಳಿ ಇದ್ದ ಮಾತು ಅದೊಂದೇ. "ಸೋಪು ಹಾಕಿ. ಮೊಣಕೈವರೆಗೆ."

"ಗೊತ್ತು," ಎಂದ ಅವನು. ಆ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡ. ಒಂದು ದಿನ ಬರಬೇಡ ಎಂದು ಎತ್ತಿದ್ದ ಅದೇ ಕೈಯಿಂದ ಅವಳನ್ನು ಹತ್ತಿರಕ್ಕೆ ಎಳೆದುಕೊಂಡ. ಅಜ್ಜಿಯ ನಿಲುವಂಗಿಯ ಎದೆಯ ಮೇಲೆ ಕುಂಚದ ನೀಲಿ ಗುರುತೊಂದು ಬಿತ್ತು. ಶಾಲೆಯ ಕಿಟಕಿಯಿಂದ ಯಾರೋ ಸಿಳ್ಳೆ ಹೊಡೆದರು.

ಮುಂದಿನ ಸಲ ಸೋಡಾ ಕಡಿಮೆ ಮಾಡಿ, ನಿಂಬೆರಸ ಹಿಂಡಿ ಮಾಡಿದ ಬಿಸ್ಕತ್ತು ಹಸಿರಾಗಲಿಲ್ಲ. ಹೊಂಬಣ್ಣಕ್ಕೇ ನಿಂತಿತು. ಮೂವರೂ ಮುರಿದು ನೋಡಿದರು.

"ಚೆನ್ನಾಗೇನೋ ಇದೆ," ಎಂದ ಅವನು. "ಆದ್ರೆ ಇದನ್ನ ಆ ಪೀನಟ್ ಬಿಸ್ಕತ್ತಿನ ಪಕ್ಕ ಇಟ್ರೆ ಯಾವುದು ಯಾವುದು ಅಂತ ನನಗೆ ಗೊತ್ತಾಗಲ್ಲ. ಮತ್ತೆ ಯಾರನ್ನೋ ಕೇಳ್ಬೇಕು. ಅವರು ಇಲ್ಲ ಅಂತಾರೆ."

ಮೆಣಸು ಎದ್ದು ನಿಂತಳು. ಕಣ್ಣು ಮಿನುಗಿದವು. "ಹಸಿರಾಗಿದ್ರೆ ಕೇಳೋದೇ ಬೇಡ! ಕಡಲೆಬೀಜ ಜಪ್ಪಯ್ಯ ಅಂದ್ರೂ ಹಸಿರಾಗಲ್ಲ. ಮುರಿದು ನೋಡಿದ್ರೆ ಸಾಕು, ಬಿಸ್ಕತ್ತೇ ಹೇಳುತ್ತೆ ಇದು ಸೂರ್ಯಕಾಂತಿ ಬೀಜದ್ದು ಅಂತ."

"ಆದರೆ ಅದರ ಜೊತೆ ಇನ್ನೇನಾದ್ರೂ ಬೆರೆಸಿದ್ರೆ?" ಎಂದಳು ಅಜ್ಜಿ.

"ಅದಕ್ಕೆ ಬಣ್ಣ ಸಾಲಲ್ಲ, ಅಜ್ಜಿ. ಮಾಡೋ ಕೈ ನೆಟ್ಟಗಿರ್ಬೇಕು."

ಅಂದಿನಿಂದ ಅವರು ನಿಂಬೆ ಬಿಟ್ಟರು. ಹಸಿರನ್ನು ಹಸಿರಾಗಿಯೇ ಇಟ್ಟರು. ಅಜ್ಜಿ ಅಕ್ಕಪಕ್ಕದವರಿಗೆ ಹಂಚಿದಳು. ಮಕ್ಕಳು ಮುರಿದು ಮುರಿದು ಕೂಗಿದರು. ಕಡಲೆಬೀಜ ಒಗ್ಗದ ಮಗಳಿದ್ದ ಪೋಸ್ಟಿನಕ್ಕ ಒಂದು ತಿಂದು ನೋಡಿ, ಇನ್ನೊಂದನ್ನು ಮಗಳ ಕೈಗಿಟ್ಟು, ಬಾಗಿಲಲ್ಲಿ ನಿಂತು ಅತ್ತಳು. ಅವಳ ಮಗಳು ಅಂಗಡಿಯ ಬಿಸ್ಕತ್ತಿನಂಥ ತಿಂಡಿ ತಿಂದದ್ದು ಅದೇ ಮೊದಲು.

ಸುದ್ದಿ ದೊಡ್ಡಮ್ಮನ ಕಿವಿಗೆ ಬಿದ್ದಾಗ ಅವಳು ಬೈಯಲಿಲ್ಲ. ನಕ್ಕಳು. ಅದೇ ಅಪಾಯದ ಸೂಚನೆ.

ಮುಂದಿನ ಬೆಳಿಗ್ಗೆ ಬಾಗಿಲ ಮುಂದೆ ಜನ ಸೇರಿದ್ದರು, ಮಗಳೊಂದಿಗೆ ಪೋಸ್ಟಿನಕ್ಕನೂ ಇದ್ದಳು. ಮೆಣಸು ಒಳಗೆ ಕಲಸುತ್ತಿದ್ದಳು. ಏಣಿಯ ಮೇಲೆ ಎಂದಿನಂತೆ ಬಣ್ಣದವನು. ದೊಡ್ಡಮ್ಮ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಇಳಿ ಕೆಳಗೆ, ರಾಜಿ ಆಗೋಣ. ನಿನ್ನ ತಲೆ ಸುತ್ತಲ್ಲ, ಗಟ್ಟಿಮುಟ್ಟಾಗಿದೀಯ ಅಂತ ಊರಿಗೆಲ್ಲ ನಾನೇ ಹೇಳ್ತೀನಿ. ನೀನು ಬೋರ್ಡು ಮುಗಿಸು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸು: 'ಇಲ್ಲಿ ಕಡಲೆಬೀಜ ಇಲ್ಲ.'"

"ಮಿಕ್ಸರ್ ಬೇರೆ ತರಿಸಿದ್ರಾ, ಅಮ್ಮಾ?"

"ನಿನ್ನ ಕೆಲಸ ಬರೆಯೋದು."

"ಟ್ರೇ?"

"ಬರಿ ಅಂದ್ರೆ ಬರಿಯಪ್ಪ!"

ಅವನು ಕುಂಚವನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟ. "ನನ್ನ ಕೈಯಿಂದ ಆ ಸಾಲು ಬರಲ್ಲಮ್ಮಾ. ಅದನ್ನ ನಂಬಿ ತಿಂದೋನು ನಾನು."

ದೊಡ್ಡಮ್ಮ ದುಮುಗುಟ್ಟುತ್ತ ಒಳಗೆ ನುಗ್ಗಿದಳು. ಮೆಣಸಿನ ಮುಂದೆ ಎರಡು ಜಾರು ಇಟ್ಟಳು: ಒಂದು ತಾನೇ ತರಿಸಿದ ಸೂರ್ಯಕಾಂತಿ ಬೆಣ್ಣೆಯದು, ಇನ್ನೊಂದು ಹಳೆಯ ಪೀನಟ್ ಬಟರಿನದು. ದನಿ ತಗ್ಗಿಸಿದಳು, ಜೇನು ಸವರಿದಳು.

"ನೋಡು ಪುಟ್ಟಿ. ನಿಂಬೆ ಹಾಕು, ಹಸಿರು ಯಾರಿಗೆ ಬೇಕು? ಇದೇ ಮಿಕ್ಸರಲ್ಲಿ ಕಲಸು. ಸೂರ್ಯಕಾಂತಿ ಬೀಜದ್ದರ ಜೊತೆ ಈ ಕಡಲೆಬೀಜದ್ದನ್ನೂ ಒಂದೇ ಒಂದು ಚಮಚ ಬಿಡು, ಇಲ್ದಿದ್ರೆ ರುಚಿ ಎಲ್ಲಿ? ಯಾರಿಗೆ ಗೊತ್ತಾಗುತ್ತೆ?"

ಮೆಣಸು ಮಿಕ್ಸರಿನ ಗುಂಡಿ ಒತ್ತಿ ನಿಲ್ಲಿಸಿದಳು. ಆ ಕೋಣೆಗೆ ಅಂಥ ಮೌನ ಹೊಸದು.

ಹಳೆಯ ಜಾರನ್ನು ಕೈಗೆತ್ತಿಕೊಂಡು ನಡೆದಳು. ಗಲ್ಲಾದ ಮೇಲೆ, ನಿಂತ ಜನರೆಲ್ಲರ ಕಣ್ಣ ಮುಂದೆ, ಠಕ್ಕೆಂದು ಇಟ್ಟಳು.

"ಅವತ್ತು ಇವರು ಬಿದ್ದಿದ್ದು ಬಣ್ಣದ ಘಾಟಿಗಲ್ಲ," ಎಂದಳು. ಈ ಸಲ ಅವಳ ದನಿಯನ್ನು ನುಂಗಲು ಯಾವ ಮಿಕ್ಸರೂ ಇರಲಿಲ್ಲ. "ಓಟ್ಸ್ ಬಿಸ್ಕತ್ತಲ್ಲಿ ಇದಿತ್ತು. ಕೇಳಿದ್ರು. ಇಲ್ಲ ಅಂದ್ವಿ. ಇವತ್ತೂ ಇದನ್ನೇ ಬೆರೆಸು ಅಂತಿದಾರೆ. ಪೋಸ್ಟಿನಕ್ಕ, ನಿಮ್ಮ ಮಗಳಿಗೆ ಇಲ್ಲಿಂದ ಏನೂ ತಗೋಬೇಡಿ."

ಪೋಸ್ಟಿನಕ್ಕ ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಸಾಲಿನಲ್ಲಿ ಗುಜುಗುಜು ಎದ್ದಿತು. ಔಷಧಿ ಅಂಗಡಿಯವನು ತಲೆ ಎತ್ತಿ ಏಣಿಯ ಕಡೆ ನೋಡಿ, ನಾಚಿಕೆಯಿಂದ ಕಣ್ಣು ಕೆಳಗೆ ಹಾಕಿದ.

"ಹತ್ತಿದ ಏಣೀನ ಒದೀತಿದೀಯಾ?" ದೊಡ್ಡಮ್ಮನ ದನಿ ನಡುಗಿತು. "ನಿಂಗೆ ಅನ್ನ ಹಾಕಿ ಸಾಕಿದೋಳು ಕಣೇ ನಾನು!"

"ಹೌದು ದೊಡ್ಡಮ್ಮ." ಮೆಣಸಿನ ಕಣ್ಣು ತುಂಬಿದವು. "ಒಲೆ ಮುಂದೆ ನಿಲ್ಲೋದು ನೀನೇ ಕಲಿಸಿದ್ದು. ತಿನ್ನೋರು ನಮ್ಮ ಕೈ ನೋಡಲ್ಲ, ನಂಬ್ತಾರೆ ಅಂತ ಹೇಳ್ಕೊಟ್ಟಿದ್ದೂ ನೀನೇ. ನಾನು ಒದ್ದಿಲ್ಲ. ನ್ಯಾಯವಾಗಿ ನಿನ್ನದೇ ಮಾತಿನ ಮೇಲೆ ನಿಂತಿದೀನಿ."

ಏಪ್ರನ್ ಬಿಚ್ಚಿ ಮಡಿಸಿ ಜಾರಿನ ಪಕ್ಕ ಇಟ್ಟಳು. ಬೀದಿಯ ನಲ್ಲಿಯ ಹತ್ತಿರ ಹೋದಳು. ಜೇಬಿನಿಂದ ಅಜ್ಜಿ ಕೊಟ್ಟ ಸೋಪಿನ ತುಂಡು ತೆಗೆದು ಬೆರಳ ಸಂದಿ, ಉಗುರು, ಮಣಿಕಟ್ಟು, ಮೊಣಕೈ, ಒಂದೊಂದನ್ನೂ ತಿಕ್ಕಿದಳು. ಕಂದು ನೊರೆ ಹರಿದು ಹೋಯಿತು, ಹಿಂದೆಯೇ ಬಿಳಿ ನೊರೆ. ಏಣಿಯ ಮೇಲೆ ಹಳದಿ ಚುಕ್ಕೆಯ ಎರಡು ಪಾದಗಳು ಒಂದೊಂದೇ ಮೆಟ್ಟಿಲು ಇಳಿಯತೊಡಗಿದವು. ಅವಳು ತಲೆ ಎತ್ತದೆಯೇ ಅದನ್ನು ಕಂಡಳು, ನಕ್ಕಳು, ಇನ್ನಷ್ಟು ಸೋಪು ಹಚ್ಚಿಕೊಂಡಳು.

"ಓವನ್ ಕಾದು ಕೂತಿದೆ!" ದೊಡ್ಡಮ್ಮ ಬಾಗಿಲಿಂದ ಕೂಗಿದಳು. "ಬೀದೀಲಿ ಮಾನ ಕಳೀಬೇಡ. ಆ ಜಾರು ತಗೊಂಡು ನಡಿಯೇ ಒಳಗೆ!"

ಮೆಣಸು ತೊಳೆದ ಅಂಗೈಗಳನ್ನು ಮೂಗಿಗೆ ಹಿಡಿದು ನೋಡಿದಳು. ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಒದ್ದೆ ಕೈಯನ್ನು ಏಣಿಯ ಕಡೆಗೆ ಚಾಚಿದಳು.

"ಬರಲ್ಲ, ದೊಡ್ಡಮ್ಮ."